ಸಾಮ್ರಾಜ್ಞಿಗಾಗಿ ಅತ್ತ ಮೂವರು

“ನಿಮ್ಮನೆಗೆ ಬಂದೋರು ಹೆಣ್ಣು ಕೇಳೋಕೆ ಬಂದೋರೋ, ಅಳೋಕೆ ಬಂದೋರೋ?”

ಪಕ್ಕದ ಮನೆಯ ತಿರುನೆಶ್ ಅಕ್ಕ ತಗಡಿನ ಬೇಲಿಯ ಮೇಲೆ ಗಲ್ಲ ಊರಿ ಕೇಳಿದಳು. ನಾನು ಹಿತ್ತಲಿನ ಅಡುಗೆಮನೆಯಲ್ಲಿ ಕಾಫಿ ಬೀಜ ಹುರಿಯುತ್ತಿದ್ದೆ. ಹುರಿಯುತ್ತಿದ್ದೆ ಎನ್ನುವುದಕ್ಕಿಂತ ಸುಡುತ್ತಿದ್ದೆ ಎನ್ನಬೇಕು. ಕಿವಿ ಎರಡೂ ಮುಂದಿನ ಕೋಣೆಯಲ್ಲಿದ್ದರೆ ಬಾಣಲೆಯ ಮೇಲೆ ಕಣ್ಣು ನಿಲ್ಲುತ್ತದೆಯೇ?

“ಅಳೋಕಾ? ಯಾರು ಅತ್ತರು?”

“ಮೂರೂ ಜನ ಕಣೇ ಮಾಹೀ! ಆ ಎತ್ತರದ ಮುದುಕರಂತೂ ಗೇಟು ದಾಟೋವರೆಗೂ ಮೂಗು ಒರೆಸ್ಕೊಂಡೇ ಹೋದ್ರು. ಕೇಳೋಕೆ ಬಂದಾಗಲೇ ಹೀಗೆ ಅತ್ತರೆ, ನಿನ್ನ ಕಟ್ಕೊಂಡ ಮೇಲೆ ಆ ಹುಡುಗನ ಗತಿ ಏನು!”

“ಹೋದ್ರಾ? ಹೊರಟೇ ಹೋದ್ರಾ?”

ಬಾಣಲೆ ಅಲ್ಲೇ ಬಿಟ್ಟು ಒಳಗೆ ಓಡಿದೆ. ನಮ್ಮ ಕಡೆ ಹೆಣ್ಣು ಕೇಳಲು ಹಿರಿಯರು ಬಂದಾಗ ಹುಡುಗಿ ಎದುರಿಗೆ ಬರುವ ಹಾಗಿಲ್ಲ. ಬಂದ ಹಿರಿಯರೂ ತಮ್ಮ ಮಾತು ನಡೆಯುವವರೆಗೆ ಕೂರುವುದಿಲ್ಲ. ಬಾಗಿಲ ಬಳಿಯೇ ನಿಂತು, “ನಮ್ಮ ಮಗನನ್ನು ನಿಮ್ಮ ಮಗ ಮಾಡಿಕೊಳ್ಳಿ” ಎಂದು ಕೇಳುತ್ತಾರೆ. ಆ ಒಂದು ಮಾತಿಗಾಗಿ ನಾನು ಬೆಳಗಿನಿಂದ ಗೋಡೆಗೆ ಕಿವಿ ಕೊಟ್ಟಿದ್ದೆ. ಆದರೆ ಕೇಳಿಸಿದ್ದು ಬೆಂಚಿನ ಮೇಲೆ ಮೂವರು ಧೊಪ್ಪೆಂದು ಕುಳಿತ ಸದ್ದು, ಆಮೇಲೆ ನೆಗಡಿಯಂಥ ಸುರ್‌ಸುರ್.

ಒಳಗೆ ಬಲೈನೆಶ್ ಅಜ್ಜಿ ಕಣ್ಣು ಒರೆಸಿಕೊಳ್ಳುತ್ತಾ ಕೂತಿದ್ದಳು. ಮುಖ ಮಾತ್ರ ಹಬ್ಬದ ದಿನದ ಹಾಗೆ ಬೆಳಗುತ್ತಿತ್ತು.

“ಎಂಥಾ ಜನ ಮಗಳೇ! ಇಡೀ ಊರೇ ಮರೆತ ದಿನ ಇದು. ಮನೆ ಹುಡುಕ್ಕೊಂಡು ಬಂದ್ರು, ಕೂತ್ರು, ಅತ್ರು, ಒಂದೊಂದು ಹಿಡಿ ಗುಗ್ಗರಿ ತಿಂದ್ರು, ಹೋದ್ರು. ಇನ್ನೂ ಇದ್ದಾರೆ ನೋಡು ಅಂಥೋರು ಅಡಿಸ್ ಅಬಾಬಾದಲ್ಲಿ.”

“ಏನೂ ಕೇಳ್ಲಿಲ್ವಾ ಅಜ್ಜಿ?”

“ಇಂಥ ದಿನ ಬಂದು ಯಾರು ಏನು ಕೇಳ್ತಾರೆ?”

ಅವತ್ತು ಭಾನುವಾರ, ಸಾಮ್ರಾಜ್ಞಿ ತಾಯ್ತು ತೀರಿಕೊಂಡ ದಿನ. ಸತ್ತು ನೂರು ವರ್ಷ ದಾಟಿದೆ. ಆದರೆ ಅಜ್ಜಿಯ ಅಮ್ಮ ಅರಮನೆಯಲ್ಲಿ ಸಾಮ್ರಾಜ್ಞಿಗೆ ನೂಲು ತೆಗೆಯುತ್ತಿದ್ದವಳು, ಆಕೆಯ ಕೈಯಿಂದ ತುತ್ತು ತಿಂದವಳು. ಆ ಋಣಕ್ಕೆ ಅಜ್ಜಿ ವರ್ಷಕ್ಕೊಂದು ದಿನ ಗುಗ್ಗರಿ ಬೇಯಿಸಿ, ತನ್ನ ಬಿಳಿಯ ನೆತೆಲಾ ಹೊದಿಕೆಯನ್ನು ತಿರುಗಿಸಿ, ಬಣ್ಣದ ಅಂಚು ಕೊರಳ ಬಳಿ ಬರುವಂತೆ ಹೊದ್ದು ಕೂರುತ್ತಾಳೆ. ನಾನು ಹುಟ್ಟಿದಾಗಿನಿಂದ ನೋಡಿದ್ದು. ನೋಡಿ ನೋಡಿ ಅದು ನನಗೆ ಗೋಡೆಯ ಮೇಲಿನ ಕ್ಯಾಲೆಂಡರಿನಷ್ಟೇ ಸಾಮಾನ್ಯವಾಗಿತ್ತು. ಅವತ್ತು ಅದರ ಕಡೆ ನನ್ನ ಗಮನವೇ ಹೋಗಲಿಲ್ಲ. ನನ್ನ ತಲೆಯ ತುಂಬ ಒಂದೇ ಹೆಸರು, ಸುರಾಫೆಲ್.

ಸಂಜೆ ಅವನ ಮೆಸೇಜು ಬಂತು.

“ದೇವರು ನಿಮಗೆಲ್ಲ ಶಕ್ತಿ ಕೊಡಲಿ. ಸದ್ಯಕ್ಕೆ ನಾನು ತೊಂದರೆ ಕೊಡಲ್ಲ.”

ತೊಂದರೆ! ಏಳು ತಿಂಗಳು ನನ್ನ ಹಿಂದೆ ಮುಂದೆ ಸುಳಿದಾಡಿದವನಿಗೆ ಈಗ ತೊಂದರೆಯ ನೆನಪಾಯಿತೇ? ನಮ್ಮ ತಗಡಿನ ಸೂರು ನೋಡಿ ಹಿರಿಯರು ಬೇಡವೆಂದಿರಬೇಕು, ಇವನು ತಲೆ ಆಡಿಸಿರಬೇಕು. ಉತ್ತರ ಬರೆಯಲಿಲ್ಲ. ಫೋನನ್ನು ಹಿಟ್ಟಿನ ಡಬ್ಬಿಯ ಹಿಂದೆ ತಳ್ಳಿದೆ. ಸ್ವಲ್ಪ ಹೊತ್ತಿಗೆ ತೆಗೆದು ನೋಡಿದೆ. ಮತ್ತೆ ತಳ್ಳಿದೆ.

*

ಸುರಾಫೆಲ್ ನನಗೆ ಸಿಕ್ಕಿದ್ದು ಕತ್ತಲಲ್ಲಿ.

ಬಯಾತಾ ಮರಿಯಂ ಚರ್ಚಿನಲ್ಲಿ, ಚಕ್ರವರ್ತಿಗಳ ಸಮಾಧಿ ತೋರಿಸಿ ಕಥೆ ಹೇಳುವುದು ನನ್ನ ಕೆಲಸ. ಅಲ್ಲಿನ ಪಾದ್ರಿ ಅಬ್ಬಾ ತೆಕ್ಲೆ ನೆಲದ ಮೇಲಿನ ಜಮಖಾನ ಸುತ್ತಿ ಮರದ ಮುಚ್ಚಳ ಎತ್ತುತ್ತಾರೆ. ಕೆಳಗೆ ಮೆಟ್ಟಿಲು, ಮೆಟ್ಟಿಲ ಕೆಳಗೆ ನೆಲಮಾಳಿಗೆ. ಅಲ್ಲಿ ಅಮೃತಶಿಲೆಯ ದೊಡ್ಡ ಪೆಟ್ಟಿಗೆಗಳಲ್ಲಿ ಚಕ್ರವರ್ತಿ ಮೆನೆಲಿಕ್, ಒಂದು ಪಕ್ಕ ಹೆಂಡತಿ ತಾಯ್ತು, ಇನ್ನೊಂದು ಪಕ್ಕ ಮಗಳು ಝೌದಿತು.

ಒಂದು ದಿನ ಕಥೆಯ ನಡುವೆ ಕರೆಂಟು ಹೋಯಿತು. ಹೆದರಿದ ಜನರನ್ನು ಹಿಡಿದಿಡಬೇಕಲ್ಲ, ನಾನು ಕತ್ತಲಲ್ಲೇ ಮುಂದುವರಿಸಿದೆ: “ಮೆಕೆಲೆಯ ಕೋಟೆಯೊಳಗೆ ಇಟಲಿಯವರು. ಹೊರಗೆ ನಮ್ಮವರು. ದಂಡನಾಯಕರೆಲ್ಲ ಫಿರಂಗಿ, ಗೋಡೆ, ಏಣಿ ಅಂತಿದ್ದಾರೆ. ಸಾಮ್ರಾಜ್ಞಿ ಕೇಳಿದ್ದು ಒಂದೇ. ಅವರು ನೀರು ಎಲ್ಲಿಂದ ಕುಡೀತಾರೆ?”

“ಆಮೇಲೆ?” ಎಂದಿತು ತಲೆಯ ಮೇಲಿನಿಂದ ಒಂದು ದನಿ.

ಟಾರ್ಚು ಎತ್ತಿ ನೋಡಿದರೆ ಏಣಿಯ ತುದಿಯಲ್ಲಿ ಒಬ್ಬ. ಬಾಯಲ್ಲಿ ಸ್ಕ್ರೂಡ್ರೈವರ್, ಹುಬ್ಬಿನ ಮೇಲೆ ಸುಣ್ಣದ ಚುಕ್ಕೆ. ಸ್ಕ್ರೂಡ್ರೈವರ್ ಕಚ್ಚಿಕೊಂಡೇ ನಕ್ಕ. ಹಾಗೆ ನಗುವುದು ಸುಲಭವಲ್ಲ. ಆದರೂ ನಕ್ಕ, ಆ ನಗು ಒಂದು ಕಡೆಗೆ ಸ್ವಲ್ಪ ವಾಲಿತು. ನನ್ನ ಟಾರ್ಚು ಅವನ ಮುಖ ಬಿಟ್ಟು ಬೇರೆಲ್ಲೂ ಹೋಗಲು ಒಪ್ಪಲಿಲ್ಲ.

“ಅಮ್ಮಾ, ಕಣ್ಣಿಗೆ ಬಿಡ್ಬೇಡ್ರಿ, ಬಿದ್ರೆ ಇಲ್ಲೇ ನಾಲ್ಕನೇ ಪೆಟ್ಟಿಗೆ ಇಡ್ಬೇಕಾಗತ್ತೆ.”

“ಚಕ್ರವರ್ತಿಗಳಿಗೆ ಮಾತ್ರ ಇಲ್ಲಿ ಜಾಗ. ಕರೆಂಟಿನೋರಿಗೆ ಹೊರಗೆ.”

“ಕಥೆ ಮುಗಿಸಿ ಮೊದ್ಲು. ನೀರು ಸಿಕ್ತಾ?”

“ಸಿಕ್ತು. ಕೋಟೆ ಹೊರಗೆ ನೀರು ಜಿನುಗೋ ಊಟೆ ಇತ್ತು, ಅದನ್ನು ನಮ್ಮೋರು ಹಿಡಿದ್ರು. ಬಾಯಾರಿ ಬಾಯಾರಿ ಕೋಟೆ ಬಿಟ್ಟು ಹೊರಟ್ರು ಇಟಲಿಯವರು.”

“ಎಲಾ!” ಎಂದ. ಅದೇ ಕ್ಷಣಕ್ಕೆ ದೀಪ ಹತ್ತಿತು. ಜನ ಚಪ್ಪಾಳೆ ತಟ್ಟಿದರು, ಸಾಮ್ರಾಜ್ಞಿಗೋ ಅವನಿಗೋ ತಿಳಿಯಲಿಲ್ಲ.

ಅಂದಿನಿಂದ ಪ್ರತಿ ಗುರುವಾರ ನೆಲಮಾಳಿಗೆಯ ಒಂದು ಬಲ್ಬು ಆರತೊಡಗಿತು. ಸುರಾಫೆಲ್ ಪಿಯಾಸಾದ ತನ್ನ ದೀಪದ ಅಂಗಡಿ ಮುಚ್ಚಿ ಏಣಿ ಹೊತ್ತು ಬರುತ್ತಿದ್ದ. ಬಲ್ಬು ತಿರುಪುತ್ತಿದ್ದ, ನನ್ನ ಕಥೆ ಕೇಳುತ್ತಿದ್ದ, ನಾನು ಹಿಂದಿನ ವಾರ ಬಿಟ್ಟ ವಿವರವನ್ನು ನೆನಪಿಸುತ್ತಿದ್ದ. “ಆ ಊಟೆ ಹಿಡಿದ ಮಾತು ನಿಜಾನಾ?” ಎಂದರೆ, “ಊಟೆ ನಿಜ. ಸಾಮ್ರಾಜ್ಞಿ ಬಾಯಿಂದ ಬಂದ ಆ ವಾಕ್ಯ ಮಾತ್ರ ನಂದು” ಎಂದೆ. ಅದಕ್ಕೂ ಎಲಾ ಎಂದ.

ಕೊನೆಗೆ ಅಬ್ಬಾ ತೆಕ್ಲೆಯೇ ಹೇಳಿದರು, “ಇವನು ರಿಪೇರಿಗೆ ಬರೋಕ್ಕೆ ಮುಂಚೆ ಈ ಬಲ್ಬುಗಳು ಮೂರು ವರ್ಷ ಉರಿದಿದ್ವು. ಹೋಗೋವಾಗ ಸಡಿಲ ಮಾಡಿ ಹೋಗ್ತಾನೆ ಅಂತ ನನ್ನ ಅನುಮಾನ.”

ಅವನ ಕಿವಿ ಕೆಂಪಾದದ್ದನ್ನು ನಾನು ಅವತ್ತೇ ಮೊದಲು ನೋಡಿದ್ದು.

*

ಆ ಗುರುವಾರವೂ ಬಲ್ಬು ಆರಿತ್ತು. ಹೋದ ವಾರ, ಹಿರಿಯರು ಬರುವ ಮೊದಲು ಸಡಿಲಿಸಿ ಹೋದದ್ದಿರಬೇಕು.

ನಾನು ದೆಸ್ಸಿಯ ಕಾಲೇಜು ಹುಡುಗಿಯರ ಗುಂಪೊಂದನ್ನು, ಮೆಕೆಲೆ ಕೋಟೆಯ ಕಥೆ ಹೇಳುತ್ತಾ, ಇಳಿಸಿಕೊಂಡು ಹೋಗಿದ್ದೆ. ಮೆಟ್ಟಿಲ ಮೇಲೆ ಏಣಿಯ ಕಾಲು ಕಂಡಿತು, ಆಮೇಲೆ ಅವನ ಬರಿಗಾಲು. ಮೇಲಿಂದ ಕೆಳಗಿನವರೆಗೆ ಕಪ್ಪು ಬಟ್ಟೆ. ನನ್ನತ್ತ ನೋಡಿದ. ಆ ನೋಟದಲ್ಲಿ ಎಷ್ಟು ಕನಿಕರವಿತ್ತೆಂದರೆ ನನಗೆ ಉರಿದುಹೋಯಿತು.

“ಹೇಗಿದ್ದೀಯ?” ಪಿಸುಗುಟ್ಟಿದ. “ಅಜ್ಜಿ ಊಟ ಮಾಡ್ತಿದ್ದಾರಾ?”

“ಯಾಕೆ ಮಾಡ್ಬಾರ್ದು? ನಿಮ್ಮೋರು ಬೇಡ ಅಂದ ಮಾತ್ರಕ್ಕೆ ನಾವು ಉಪವಾಸ ಬೀಳ್ತೀವಿ ಅನ್ಕೊಂಡ್ಯಾ?”

“ಯಾರು ಬೇಡ ಅಂದ್ರು?”

“ಬಂದು ಕೂತು ಗುಗ್ಗರಿ ತಿಂದು ಬಾಯಿ ಬಿಡದೆ ಹೋದ್ರಲ್ಲ!”

“ಸಾವಿನ ಮನೇಲಿ ಹೆಣ್ಣು ಕೇಳ್ತಾರಾ ಮಾಹಿ? ಯಾರು ಅಂತಾದ್ರೂ ನಂಗೆ ಒಂದು ಮಾತು ಹೇಳ್ಬಾರ್ದಿತ್ತಾ? ಮಾವನಾ? ದೊಡ್ಡಮ್ಮನಾ?”

“ಸಾವಾ? ನಮ್ಮನೇಲಿ ಯಾರೂ ಸತ್ತಿಲ್ಲ.”

“ಅಜ್ಜಿ ಅಂಚು ಮೇಲೆ ಮಾಡಿ ಹೊದ್ದಿದ್ರು. ಮೂರು ಜನ ಕಣ್ಣಾರೆ ನೋಡಿದ್ದಾರೆ. ಈಗ ನೀನೂ…” ಅವನ ಕಣ್ಣು ನನ್ನ ಕೊರಳಿಗೆ ಬಂತು.

ನಾನೂ ನೋಡಿಕೊಂಡೆ. ಸಾಮ್ರಾಜ್ಞಿಯ ಪೆಟ್ಟಿಗೆಯ ಮುಂದೆ ಬರುವಾಗ ನಾನು ಯಾವತ್ತೂ ಅಂಚನ್ನು ಮೇಲೆ ತಿರುಗಿಸಿಕೊಳ್ಳುತ್ತೇನೆ, ಅಜ್ಜಿ ಕಲಿಸಿದ ಅಭ್ಯಾಸ. ಅವನು ಯಾವತ್ತೂ ಏಣಿಯ ಮೇಲೆ, ಆರಿದ ಬಲ್ಬಿನ ಕೆಳಗೆ. ನನ್ನ ಮುಖ ಬಿಟ್ಟು ಅಂಚು ನೋಡಿದ್ದೇ ಇಲ್ಲ.

ಕೊರಳ ಬಳಿ ಕೆಂಪು, ಹಸಿರು, ಚಿನ್ನದ ಗೆರೆ. ನಮ್ಮಲ್ಲಿ ಅಂಚು ಕೊರಳಿಗೆ ಬಂದರೆ ಸಾವಿನ ಹೊದಿಕೆ, ಕಾಲಿಗೆ ಬಂದರೆ ಸಂತೋಷದ್ದು. ಭಾನುವಾರದ ಮನೆ. ಸಾವಿನ ಮನೆಯಲ್ಲಿ ಹಂಚುವ ಗುಗ್ಗರಿ. ಧೊಪ್ಪೆಂದು ಕುಳಿತ ಮೂವರು ಮುದುಕರು. ಎಲ್ಲವೂ ಒಟ್ಟಿಗೆ ತಲೆಯೊಳಗೆ ದೀಪ ಹತ್ತಿದಂತೆ ಹತ್ತಿದವು.

ನಗು ತಡೆಯಲು ನೆತೆಲಾವನ್ನು ಬಾಯಿಗೆ ತುರುಕಿಕೊಂಡೆ. ತಡೆಯಲಾಗಲಿಲ್ಲ. ಚಕ್ರವರ್ತಿಗಳ ನೆಲಮಾಳಿಗೆಯಲ್ಲಿ ನನ್ನ ನಗು ಮೂರು ಪೆಟ್ಟಿಗೆಗಳಿಗೂ ಬಡಿದು ಮರಳಿ ಬಂತು.

“ಇವರು!” ಅಮೃತಶಿಲೆಯತ್ತ ಕೈ ತೋರಿಸಿದೆ. “ಸತ್ತಿದ್ದು ಇವರು! ನಿಮ್ಮೋರು ಅತ್ತಿದ್ದು ಸಾಮ್ರಾಜ್ಞಿ ತಾಯ್ತುಗೆ!”

ಸುರಾಫೆಲ್ ಪೆಟ್ಟಿಗೆ ನೋಡಿದ, ನನ್ನ ನೋಡಿದ, ಮತ್ತೆ ಪೆಟ್ಟಿಗೆ ನೋಡಿದ. ಅವನ ಒಂದು ಕಡೆ ವಾಲುವ ನಗು ನಿಧಾನವಾಗಿ ಎದ್ದು, ಅರ್ಧ ದಾರಿಯಲ್ಲಿ ನಿಂತುಬಿಟ್ಟಿತು.

“ಅಯ್ಯೋ. ಇದನ್ನ ಗಾಶೆ ಬೆಝಾಬೆಗೆ ಹೇಳೋರು ಯಾರು?”

ಗಾಶೆ ಎಂದರೆ ನಮ್ಮಲ್ಲಿ ಹಿರಿಯ ಗಂಡಸರಿಗೆ ಗೌರವದ ಕರೆ. ಗಾಶೆ ಬೆಝಾಬೆ ಅವನ ತಂದೆಯ ಗೆಳೆಯರು. ತಂದೆ ಹೋದಮೇಲೆ ಇವನನ್ನು ಬೆಳೆಸಿ ಅಂಗಡಿ ಹಾಕಿಕೊಟ್ಟವರು. ಆ ಎತ್ತರದ ಮುದುಕರು ಅವರೇ.

“ಅವ್ರು ಮನೆಗೆ ಬಂದು ಏನಂದ್ರು ಗೊತ್ತಾ? ‘ಆ ಮನೆ ದುಃಖ ತೀರೋವರೆಗೆ, ಒಂದು ವರ್ಷ, ಮದುವೆ ಮಾತು ಎತ್ತಬೇಡ.’ ಈಗ ಹೋಗಿ, ನೀವು ಅತ್ತಿದ್ದು ನೂರು ವರ್ಷದ ಹಿಂದೆ ಸತ್ತೋರಿಗೆ ಅಂದ್ರೆ? ಮುದುಕರನ್ನ ಕೂರಿಸಿ ಆಟ ಆಡಿಸಿದ್ರು ಅಂತ ಮತ್ತೆ ನಿಮ್ಮ ಹೊಸಿಲು ತುಳಿಯಲ್ಲ.”

“ಬೇರೆ ಹಿರಿಯರನ್ನ ಕಳ್ಸು.”

“ಅವರನ್ನ ಬಿಟ್ಟು ಕಳ್ಸಿದ್ರೆ ನಾನು ಮನುಷ್ಯನಾ?”

ಹಿರಿಯರು ಬಂದು ಕೇಳದೆ ನನ್ನನ್ನು ಕಳಿಸುವವಳಲ್ಲ ಅಜ್ಜಿ. ಸೋಮವಾರದಿಂದ ದೊಡ್ಡ ಉಪವಾಸ. ಶುರುವಾದರೆ ಈಸ್ಟರಿನವರೆಗೆ ಇಂಥ ಮಾತೇ ಇಲ್ಲ. ಆಮೇಲೆ ಗಾಶೆಯವರ ಒಂದು ವರ್ಷ. ಅಪ್ಪ ಅಮ್ಮ ಇಲ್ಲದ ನನಗೆ ಅಜ್ಜಿಯೇ ಮನೆ. ಇತ್ತೀಚೆಗೆ ಆಕೆ ಮೆಟ್ಟಿಲು ಹತ್ತುವಾಗ ನನ್ನ ತೋಳಿನ ಮೇಲೆ ಬೀಳುವ ಭಾರ ಹೆಚ್ಚುತ್ತಿತ್ತು. ನನ್ನ ಮದುವೆಯ ದಿನ ಆಕೆ ಮುಂದೆ ಕೂತಿರಬೇಕು. ಒಂದು ವರ್ಷವೆಂದರೆ ನನಗೆ ಭಯ. ಅದನ್ನು ಹೇಳಲಿಲ್ಲ, ಅವನು ನನ್ನ ಮುಖದಲ್ಲಿ ಓದಿದ.

“ಅಕ್ಕಾ,” ಗುಂಪಿನ ಹುಡುಗಿಯೊಬ್ಬಳು ಮೆಲ್ಲಗೆ ಅಂದಳು, “ಕೋಟೆ ಗೋಡೆ ಜೊತೆ ನೀವೂ ಗುದ್ದಾಡ್ತಿದ್ದೀರಲ್ಲ. ನೀರು ಎಲ್ಲಿದೆ ನೋಡಿ.”

ನಾನು ಸುರಾಫೆಲ್ ಕಡೆ ತಿರುಗಿದೆ. “ಗಾಶೆ ಬೆಝಾಬೆಯ ನೀರು ಎಲ್ಲಿದೆ?”

ಅವನ ಮುಖದಲ್ಲಿ ನಿಂತಿದ್ದ ನಗು ಪೂರ್ತಿ ಎದ್ದಿತು.

“ಕಣ್ಣಲ್ಲಿ! ಅದ್ವಾ ಯುದ್ಧದ ಮೆರವಣಿಗೆ ನೋಡಿದ್ರೆ ಅಳ್ತಾರೆ. ರೇಡಿಯೋದಲ್ಲಿ ಹಳೇ ಹಾಡು ಬಂದ್ರೆ ಅಳ್ತಾರೆ. ಅವರಜ್ಜ ಮೆನೆಲಿಕ್ ಸೈನ್ಯದಲ್ಲಿ ಹೇಸರಗತ್ತೆ ಹೊಡೀತಿದ್ರು ಅಂತ ಹೇಳ್ತಾ ಹೇಳ್ತಾನೇ ಅಳ್ತಾರೆ.”

“ಹಾಗಾದ್ರೆ ಭಾನುವಾರ ಇಲ್ಲಿಗೇ ಕರ್ಕೊಂಡು ಬಾ. ಹೇಳೋದು ನನಗೆ ಬಿಡು.”

“ಅವರು ಸಿಟ್ಟಾದ್ರೆ?”

“ನೀನು ಏಣಿ ಹತ್ತಿಬಿಡು.”

ಮೇಲಿನಿಂದ ಅಬ್ಬಾ ತೆಕ್ಲೆಯ ಕೆಮ್ಮು ಕೇಳಿಸಿತು. ಅವನು ಬಲ್ಬು ತಿರುಪಿದ. ಬೆಳಕು ಬಿದ್ದಾಗ ಅವನ ಕೈ ನನ್ನ ಕೈಯ ಪಕ್ಕದಲ್ಲೇ ಅಮೃತಶಿಲೆಯ ಅಂಚಿನ ಮೇಲಿತ್ತು. ಮುಟ್ಟಿರಲಿಲ್ಲ. ಆದರೆ ಕಲ್ಲು ಆ ಜಾಗದಲ್ಲಿ ಮಾತ್ರ ಬೆಚ್ಚಗಿದ್ದಂತೆ ನನಗೆ ಅನ್ನಿಸಿತು.

“ಈ ಸಲ ಗಟ್ಟಿಯಾಗಿ ತಿರುಪಿದ್ದೀನಿ,” ಎಂದ. “ಮುಂದಿನ ವಾರ ಆರಲ್ಲ.”

“ಮತ್ತೆ ಏನು ನೆಪ ಹೇಳ್ಕೊಂಡು ಬರ್ತೀಯ?”

“ನೆಪ ಬೇಡದ ಹಾಗೆ ಮಾಡೋಣ ಅಂತ ತಾನೇ ಇಷ್ಟೆಲ್ಲ.”

*

ಭಾನುವಾರ ಪೂಜೆ ಮುಗಿದು ಜನ ಕರಗಿದ ಮೇಲೆ ಅವರು ಬಂದರು. ಮುಂದೆ ಗಾಶೆ ಬೆಝಾಬೆ, ಬಿಳಿ ಹೊದಿಕೆ, ಕೈಯಲ್ಲಿ ದೊಣ್ಣೆ; ಹಿಂದೆ ಇನ್ನಿಬ್ಬರು ಹಿರಿಯರು; ಎಲ್ಲರ ಹಿಂದೆ ಸುರಾಫೆಲ್, ಪರೀಕ್ಷೆಗೆ ಬಂದ ಹುಡುಗನ ಹಾಗೆ. ಬಾಗಿಲ ಚೌಕಟ್ಟಿಗೆ ಮುತ್ತಿಟ್ಟು ಒಳಗೆ ಬಂದರು. ನಾನು ಯಾರೆಂದು ಗಾಶೆಗೆ ಗೊತ್ತಿಲ್ಲ. ಅವತ್ತು ನಾನು ಹಿತ್ತಲಿನಲ್ಲಿ ಬೀಜ ಸುಡುತ್ತಿದ್ದೆನಲ್ಲ.

ಇಟಲಿಯವರನ್ನು ಸೋಲಿಸಿದ ಅದ್ವಾ ಯುದ್ಧದ ಚಿತ್ರ ಗೋಡೆಯ ಮೇಲಿತ್ತು, ಅದರ ಮುಂದೆಯೇ ಅವರ ಕಣ್ಣು ಒದ್ದೆಯಾಯಿತು. ನಾನು ದನಿ ಏರಿಸಿದೆ, ಇಳಿಸಿದೆ. ಫಿರಂಗಿ ಹಾರಿಸಿದೆ, ಹೇಸರಗತ್ತೆಗಳನ್ನು ಓಡಿಸಿದೆ. ಹೇಸರಗತ್ತೆ ಎಂದಾಗ ಅವರ ಕರವಸ್ತ್ರ ಹೊರಗೆ ಬಂತು. ಹಿಂದಿನಿಂದ ಸುರಾಫೆಲ್ ನನ್ನತ್ತ ನೋಡಿ ಹುಬ್ಬು ಹಾರಿಸಿದ. ಅದರಿಂದ ಒಂದು ವಾಕ್ಯವೇ ಮರೆತುಹೋಯಿತು. ಅವನಿಗೆ ಗೊತ್ತಾಯಿತು, ತಲೆ ತಗ್ಗಿಸಿ ನಕ್ಕ.

ನೆಲಮಾಳಿಗೆಗೆ ಇಳಿದೆವು. ಸಾಮ್ರಾಜ್ಞಿಯ ಪೆಟ್ಟಿಗೆಯ ಬಳಿ, ಸಣ್ಣ ಮಣೆಯ ಮೇಲೆ, ಅಂಚು ಮೇಲೆ ಮಾಡಿ ಹೊದ್ದು ಅಜ್ಜಿ ಕೂತಿದ್ದಳು. ಬೆಳಿಗ್ಗೆಯೇ ಕರೆತಂದಿದ್ದೆ. ಏನು ಎತ್ತ ಎಂದು ಹೇಳಿರಲಿಲ್ಲ. ಹೇಳಿದ್ದರೆ ಆಕೆ ನಾಟಕ ಮಾಡಲಾರಳು.

“ಓ!” ಅಜ್ಜಿ ಕೈ ಚಾಚಿದಳು. “ಬಂದ್ರಾ! ನಂಗೊತ್ತಿತ್ತು ನೀವು ಇಲ್ಲಿಗೂ ಬರ್ತೀರಿ ಅಂತ. ನಮ್ಮನೆಗೆ ಬಂದು ಅತ್ತೋರು ಸಮಾಧಿಗೆ ಬರದೇ ಇರ್ತಾರಾ!”

ಗಾಶೆ ಬೆಝಾಬೆ ನಿಂತಲ್ಲೇ ನಿಂತರು. ಅಜ್ಜಿಯನ್ನು ನೋಡಿದರು, ಪೆಟ್ಟಿಗೆಯನ್ನು ನೋಡಿದರು. ನಾನು ಹೇಳಬೇಕೆಂದಿದ್ದನ್ನು ಅಜ್ಜಿಯೇ ಹೇಳಿಬಿಟ್ಟಿದ್ದಳು. ಸುರಾಫೆಲ್ ಏಣಿಗಾಗಿ ಸುತ್ತ ನೋಡಿದನೆಂದು ಆಣೆ ಮಾಡಿ ಹೇಳಬಲ್ಲೆ.

“ಅಮ್ಮಾ,” ಗಾಶೆಯ ದನಿ ಗಟ್ಟಿಯಾಗಿತ್ತು, “ಆ ಭಾನುವಾರ ನಿಮ್ಮನೇಲಿ ದುಃಖ ಇವರದ್ದಾ?”

“ಇನ್ಯಾರದ್ದು? ನಮ್ಮಮ್ಮನಿಗೆ ತುತ್ತು ಕೊಟ್ಟ ಕೈ.”

“ನಾನು ಅತ್ತಿದ್ದು ಸಾಮ್ರಾಜ್ಞಿ ತಾಯ್ತುಗಾ?”

“ಹೌದಪ್ಪ. ಚೆನ್ನಾಗಿ ಅತ್ರಿ.”

ಗಾಶೆಯ ದೊಣ್ಣೆ ಒಮ್ಮೆ ನೆಲ ಕುಟ್ಟಿತು. ಆಮೇಲೆ ಅವರ ಭುಜ ಅಲುಗಿತು. ಅಳುತ್ತಿದ್ದಾರೆಂದುಕೊಂಡೆ. ಕರವಸ್ತ್ರ ಸರಿದಾಗ ನೋಡಿದರೆ ಎರಡೂ ಒಟ್ಟಿಗೆ ಆಗುತ್ತಿತ್ತು, ಅಳುವೂ ನಗುವೂ.

“ಎಂಥೆಂಥೋರ ಮನೇಲಿ ಹೋಗಿ ಅತ್ತಿದ್ದೀನಿ,” ಅಂದರು. “ಸಾಲ ವಾಪಸ್ ಕೊಡದೋನು ಸತ್ತಾಗಲೂ ಅತ್ತೆ. ಇದೊಂದ್ಸಲ ಮಾತ್ರ ನನ್ನ ಕಣ್ಣೀರು ಸರಿಯಾದ ವಿಳಾಸಕ್ಕೆ ಹೋಯ್ತು. ನಮ್ಮಜ್ಜ ಈ ತಾಯಿಯ ದಂಡಿನ ಹಿಂದೆ ಹೇಸರಗತ್ತೆ ಹೊಡೆದೋನು, ಅಮ್ಮಾ!” ಬಗ್ಗಿ ಅಮೃತಶಿಲೆಗೆ ಹಣೆ ಹಚ್ಚಿದರು. ಎದ್ದು ಅಜ್ಜಿಯ ಕಡೆ ತಿರುಗಿ ದೊಣ್ಣೆ ಊರಿ ನೆಟ್ಟಗೆ ನಿಂತರು. “ಹಾಗಾದ್ರೆ ಅವತ್ತು ಕೇಳದೆ ಉಳಿದ ಮಾತು ಈಗ ಕೇಳ್ತೀನಿ. ನಮ್ಮ ಮಗ…”

“ಇಲ್ಲಿ ಅಲ್ಲ! ಇಲ್ಲಿ ಅಲ್ಲ!” ಮೆಟ್ಟಿಲ ಮೇಲಿನಿಂದ ಅಬ್ಬಾ ತೆಕ್ಲೆ ಕೂಗಿದರು. “ಚಕ್ರವರ್ತಿಗಳು ಮಲಗಿರೋ ಕಡೆ ಹೆಣ್ಣು ಕೇಳ್ತಾರೇನ್ರಿ! ಮೇಲೆ ಬನ್ನಿ, ಮೇಲೆ!”

*

ಹೊರಗೆ ಮೆಟ್ಟಿಲ ಇಕ್ಕೆಲದಲ್ಲಿ ಕಲ್ಲಿನ ಸಿಂಹಗಳು, ಮೇಲೆ ಗುಮ್ಮಟದ ಚಿನ್ನದ ಕಿರೀಟ, ಕೆಳಗೆ ಎಲ್ಲರೂ ಬರಿಗಾಲಲ್ಲಿ. ಅಜ್ಜಿ ಸಿಂಹದ ಪಕ್ಕ ಕುಳಿತಳು. ಮೂವರು ಹಿರಿಯರು ಎದುರಿಗೆ ನಿಂತರು. ನಾನು ಅಡಗಿಕೊಳ್ಳಬೇಕಿತ್ತು, ಅಡಗಲು ಜಾಗವಿಲ್ಲದೆ ಅಜ್ಜಿಯ ಹಿಂದೆ ನಿಂತೆ. ಸುರಾಫೆಲ್ ಇನ್ನೊಂದು ಸಿಂಹದ ಬಾಲ ಹಿಡಿದುಕೊಂಡಿದ್ದ.

“ಕೂತ್ಕೊಳ್ಳಿ,” ಎಂದಳು ಅಜ್ಜಿ.

“ಕೂರಲ್ಲ. ಅವತ್ತು ಕೂತು ತಪ್ಪಾಯ್ತು,” ಎಂದರು ಗಾಶೆ. “ಅಮ್ಮಾ, ಇವನು ಸುರಾಫೆಲ್. ಕತ್ತಲಿದ್ದ ಕಡೆ ದೀಪ ಹಾಕ್ತಾನೆ. ಒಂದೊಂದ್ಸಲ ದೀಪ ಇದ್ದ ಕಡೆ ಕತ್ತಲೂ ಮಾಡ್ತಾನಂತೆ, ಅಬ್ಬಾ ಹೇಳಿದ್ರು. ಅದು ಯಾರಿಗಾಗಿ ಅಂತ ಈಗ ಗೊತ್ತಾಯ್ತು. ನಮ್ಮ ಮಗನನ್ನು ನಿಮ್ಮ ಮಗ ಮಾಡ್ಕೊಳ್ಳಿ.”

ಅಜ್ಜಿಯ ಬೆನ್ನು ಒಮ್ಮೆಲೇ ನೆಟ್ಟಗಾಯಿತು. ತಿರುಗಿ ನನ್ನ ಮುಖ ನೋಡಿದಳು. ಆ ಕಣ್ಣು ನನ್ನ ಮೇಲಿಂದ ಸಿಂಹದ ಬಾಲದವರೆಗೆ ಹೋಗಿ ಅಲ್ಲಿ ಕೆಂಪಾದ ಎರಡು ಕಿವಿಗಳನ್ನು ಕಂಡು, ಮತ್ತೆ ನನಗೆ ಬಂದು ನಿಂತಿತು.

“ಓಹೋ,” ಎಂದಳು. “ಅವತ್ತು ಕಾಫಿ ಬೀಜ ಸುಟ್ಟಿದ್ದು ಇದಕ್ಕಾ?”

ನಾನು ಆಕೆಯ ಬೆನ್ನ ಹಿಂದೆ ಇನ್ನಷ್ಟು ಸರಿದೆ.

ಅಜ್ಜಿ ಮುಖ ಬಿಗಿದು ಹಿರಿಯರ ಕಡೆ ತಿರುಗಿದಳು. “ಆಗಲ್ಲಪ್ಪ. ನಮ್ಮ ಹುಡುಗಿ ಇನ್ನೂ ಚಿಕ್ಕೋಳು. ಯೋಚಿಸ್ಬೇಕು. ಈಸ್ಟರ್ ಆದ್ಮೇಲೆ ಇನ್ನೊಂದ್ಸಲ ಬನ್ನಿ.”

ಮೊದಲ ಸಲ ಯಾರೂ ಹೂಂ ಅನ್ನುವುದಿಲ್ಲ, ಅನ್ನಬಾರದು. ಅದು ನನಗೂ ಗೊತ್ತು, ಅವನಿಗೂ ಗೊತ್ತು. ಆದರೂ ಅವನ ಕೈ ಸಿಂಹದ ಬಾಲದಿಂದ ಜಾರಿತು. ಇದು ಬರೀ ವಾಡಿಕೆಯ ಇಲ್ಲವೋ, ನಿಜವಾದ ಇಲ್ಲವೋ?

ಗಾಶೆ ಬೆಝಾಬೆ ಕತ್ತು ಓರೆ ಮಾಡಿದರು. “ಬರ್ತೀವಿ ಅಮ್ಮಾ. ಬಂದ್ರೆ ಮತ್ತೆ ಗುಗ್ಗರೀನೇ ಕೊಡ್ತೀರಾ?”

“ಥೂ, ಬಿಡ್ತು ಅನ್ನಿ! ಮಗನ ಮನೆಯೋರಿಗೆ ಯಾರಾದ್ರೂ ಗುಗ್ಗರಿ ಬಡಿಸ್ತಾರಾ? ಕೋಳಿ ಸಾರು ಮಾಡ್ತೀನಿ!”

ಹೇಳಿದ ಮೇಲೆ ತಾನೇನು ಹೇಳಿದೆನೆಂದು ಆಕೆಗೂ ಗೊತ್ತಾಯಿತು. ಹಿರಿಯರು ನಗು ನುಂಗಿಕೊಂಡು ಆಕಾಶ ನೋಡಿದರು. ಅಜ್ಜಿ ನನ್ನ ತೋಳು ಹಿಡಿದು ಎದ್ದಳು. ನೆಲಮಾಳಿಗೆಯಿಂದ ಬಂದ ನಾನು ಇನ್ನೂ ಹಾಗೆಯೇ ಹೊದ್ದಿದ್ದೆ. ಆಕೆ ನನ್ನ ನೆತೆಲಾವನ್ನು ಹೆಗಲಿನಿಂದ ಎಳೆದು, ಕೊಡವಿ, ತಿರುಗಿಸಿ ಹೊದಿಸಿದಳು. ಬಣ್ಣದ ಅಂಚು ಕೊರಳು ಬಿಟ್ಟು ಜಾರಿ ನನ್ನ ಕಾಲ ಬಳಿ ಬಂದು ಬಿತ್ತು.